ಪಡುವಣ ಗೋಡೆಗೆ ಪರದೆ

ಮನೆಯೊಳಗೆ ಸೇರಿದ ಬಿಸಿಲನ್ನು ಹೊರಗಟ್ಟುವುದು ಕಷ್ಟ, ಗೋಡೆಯನ್ನು ಮುಟ್ಟುವ ಮೊದಲೇ ತಡೆಯುವುದು ಸುಲಭ. ಗೋಡೆಯ ಹೊರಮೈಗೆ ಒಂದು ಗೇಣು ದೂರದಲ್ಲಿ ಇಳಿಬಿಟ್ಟ ನೆರಳು ಪರದೆ ಮಾಡುವ ಕೆಲಸ ಇಷ್ಟೇ. ನರ್ಸರಿಗಳಲ್ಲಿ ಸಸಿಗಳ ಮೇಲೆ ಕಟ್ಟುವ, ಹಳ್ಳಿಗಳಲ್ಲೂ ಶೇಡ್ ನೆಟ್ ಎಂದೇ ಹೆಸರಾದ ಬಲೆ ಇದಕ್ಕೆ ಸಾಕು. ಬೇಸಿಗೆಯಲ್ಲಿ ಅದು ಗೋಡೆಗೆ ಕೊಡೆಯಾಗುತ್ತದೆ. ಚಳಿಗಾಲದಲ್ಲಿ ಅದನ್ನು ಬಿಚ್ಚಿದರೆ ಗೋಡೆ ತಾನೇ ಬಿಸಿಲು ಕಾಯಿಸಿಕೊಳ್ಳುತ್ತದೆ. ಕಪ್ಪು ಬಟ್ಟೆಯನ್ನು ಬೇರೆ ರೀತಿಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯನ್ನು ಬಿಸಿ ಮಾಡಲೂ ಬರುತ್ತದೆ. ಆದರೆ ಯಾವ ಗೋಡೆಗೆ, ಯಾವ ತಿಂಗಳಲ್ಲಿ, ಎಷ್ಟು ಅಂತರದಲ್ಲಿ ಕಟ್ಟಬೇಕು ಎಂಬ ಲೆಕ್ಕ ತಪ್ಪಿದರೆ ಫಲ ಅರ್ಧಕ್ಕೂ ಬರುವುದಿಲ್ಲ.

ಈ ಲೆಕ್ಕ ಹಾಕಿ ನೋಡಲು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಮತ್ತು ಚಳ್ಳಕೆರೆ ತಾಲ್ಲೂಕುಗಳು ತಕ್ಕ ನೆಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಇವು ಸೇರಿವೆ. ಬೇಸಿಗೆಯಲ್ಲಿ ಬಿಸಿಲೂ ಒಣಗಾಳಿಯೂ ಒಟ್ಟಿಗೇ ಬರುತ್ತವೆ. ಚಳ್ಳಕೆರೆಗೆ ಹೊಂದಿಕೊಂಡ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ನಿಂತಿರುವುದು ಇದೇ ಬಿಸಿಲನ್ನು ನಂಬಿ. ಬ್ರಹ್ಮಗಿರಿಯ ಬುಡದಲ್ಲಿರುವ ಸಿದ್ದಾಪುರದ ಸುತ್ತ ಎಲ್ಲಿ ನೋಡಿದರೂ ಕಣಶಿಲೆಯ ಗುಂಡುಗಳು. ಹಗಲೆಲ್ಲ ಕಾದ ಆ ಬಂಡೆಗಳ ಮೇಲೆ ರಾತ್ರಿ ಊಟದ ಹೊತ್ತಿಗೆ ಕೈಯಿಟ್ಟರೂ ಬೆಚ್ಚಗಿರುತ್ತವೆ. ಸಿಮೆಂಟಿನ ಮನೆಯೂ ಅಂಥದೇ ಒಂದು ಬಂಡೆ, ಒಳಗೆ ಜನ ಮಲಗುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಸಿದ್ದಾಪುರ ಇರುವುದು ಉತ್ತರ ಅಕ್ಷಾಂಶ 14.8 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನಡುನೆತ್ತಿಗೆ ಬರುತ್ತಾನೆ: ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಮ್ಮೆ. ಈ ಎರಡರ ನಡುವಿನ ಮೂರು ತಿಂಗಳಿಗೂ ಹೆಚ್ಚು ಕಾಲ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿದು, ನಡುಹಗಲಿನಲ್ಲೂ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಯಾವ ಗೋಡೆಗೆ ಯಾವಾಗ ಬಿಸಿಲು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಬಹಳ ಜನ ದಕ್ಷಿಣದ ಗೋಡೆಗೇ ಹೆಚ್ಚು ಬಿಸಿಲು ಎಂದುಕೊಳ್ಳುತ್ತಾರೆ. ಬೇಸಿಗೆಯ ಮಟ್ಟಿಗೆ ಅದು ತಪ್ಪು. ಏಪ್ರಿಲ್ 10ರ ಸುಮಾರಿಗೆ ನಡುಹಗಲಲ್ಲಿ ಸೂರ್ಯನ ಎತ್ತರ 83 ಡಿಗ್ರಿ. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಚಾಚಿದ ಸಜ್ಜೆಯ ನೆರಳು ಆಗ 12 ಅಡಿ ಕೆಳಗಿನವರೆಗೂ ಬೀಳುತ್ತದೆ, ಎಂದರೆ ಇಡೀ ಗೋಡೆ ನೆರಳಿನಲ್ಲಿರುತ್ತದೆ. ಅದೇ ಸಜ್ಜೆಯ ನೆರಳು ಡಿಸೆಂಬರ್ ಮಧ್ಯಾಹ್ನ ಎರಡು ಅಡಿಯನ್ನೂ ಮುಟ್ಟುವುದಿಲ್ಲ. ಉಳಿದ ಗೋಡೆಯೆಲ್ಲ ಬಿಸಿಲಿಗೆ ಮೈಯೊಡ್ಡುತ್ತದೆ. ಬೇಸಿಗೆಯಲ್ಲಿ ನೆರಳು, ಚಳಿಯಲ್ಲಿ ಬಿಸಿಲು: ದಕ್ಷಿಣದ ಗೋಡೆಗೆ ಈ ಏರ್ಪಾಡನ್ನು ಸೂರ್ಯನೇ ಮಾಡಿಕೊಟ್ಟಿದ್ದಾನೆ. ಸಜ್ಜೆ ಇರುವ ದಕ್ಷಿಣದ ಗೋಡೆಗೆ ಬೇಸಿಗೆಯಲ್ಲಿ ಪರದೆ ಕಟ್ಟುವುದು ದಂಡದ ಖರ್ಚು.

ತೊಂದರೆ ಇರುವುದು ಮೂಡಣ, ಪಡುವಣ ಗೋಡೆಗಳಲ್ಲಿ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುವುದರಿಂದ ಬಿಸಿಲು ಅಡ್ಡಲಾಗಿ ಬಂದು ಬಡಿಯುತ್ತದೆ. ಎಷ್ಟೇ ಅಗಲದ ಸಜ್ಜೆಯೂ ಅದನ್ನು ತಡೆಯಲಾರದು. ಎರಡರಲ್ಲಿ ಮೂಡಣ ಗೋಡೆ ವಾಸಿ, ರಾತ್ರಿಯಿಡೀ ಆರಿದ ಗೋಡೆಗೆ ಎಳೆಬಿಸಿಲು ತಾಗುತ್ತದೆ. ಪಡುವಣ ಗೋಡೆಗೆ ಬಿಸಿಲು ಬೀಳುವ ಹೊತ್ತಿಗೆ ಗಾಳಿಯೇ ಕಾದು ದಿನದ ತುತ್ತತುದಿಯ ಬಿಸಿಯಲ್ಲಿರುತ್ತದೆ. ಬೇಸಿಗೆಯ ಸಂಜೆ ನಾಲ್ಕರ ಹೊತ್ತಿಗೆ ಈ ಗೋಡೆಯ ಮೇಲೆ ಬೀಳುವ ಬಿಸಿಲಿನ ಶಕ್ತಿ ಚದರ ಮೀಟರಿಗೆ ಅಂದಾಜು 600 ವಾಟ್. ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದದ ಗೋಡೆಯಾದರೆ ಒಟ್ಟು 11 ಕಿಲೊವಾಟ್ ಆಯಿತು. ಕಿಲೊವಾಟ್‌ನ ಹನ್ನೊಂದು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೇ ಗೋಡೆಗೆ ಒತ್ತಿ ಹಿಡಿದಂತೆ. ಅದಷ್ಟೂ ಒಳಗೆ ಬರುವುದಿಲ್ಲ ನಿಜ. ಸುಣ್ಣ ಬಳಿದ ಬಿಳಿ ಗೋಡೆ ಮುಕ್ಕಾಲು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಸ್ವಲ್ಪವನ್ನು ಗಾಳಿ ಒಯ್ಯುತ್ತದೆ. ಬಣ್ಣ ಕಾಣದ ಸಿಮೆಂಟ್ ಗೋಡೆ ಮಾತ್ರ ಅರ್ಧಕ್ಕಿಂತ ಹೆಚ್ಚನ್ನು ಕುಡಿದುಬಿಡುತ್ತದೆ.

ಕುಡಿದ ಶಾಖವನ್ನು ಗೋಡೆ ಕೂಡಲೇ ಒಳಗೆ ಬಿಡುವುದಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ದಾಟಲು ಅದಕ್ಕೆ ಆರೆಂಟು ಗಂಟೆ ಬೇಕು. ಆರು ಇಂಚಿನ ಸಿಮೆಂಟ್ ಬ್ಲಾಕ್ ಆದರೆ ನಾಲ್ಕು ಗಂಟೆಯ ಆಸುಪಾಸು. ಸಂಜೆ ನಾಲ್ಕಕ್ಕೆ ತಾಗಿದ ಬಿಸಿಲು ರಾತ್ರಿ ಎಂಟಕ್ಕೋ ಹತ್ತಕ್ಕೋ ಒಳಮೈಗೆ ಬಂದು, ಮಲಗಿದವರ ಮೇಲೆ ಧಗೆಯಾಗಿ ಸುರಿಯುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಬೇಯುವುದು ಇದಕ್ಕೇ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ತಿರುಗುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಈ ಕಷ್ಟ ಕಡಿಮೆ. ಕಲ್ಲು–ಮಣ್ಣಿನ ಎರಡು ಅಡಿ ದಪ್ಪದ ಗೋಡೆ, ಮೇಲೆ ದಪ್ಪನಾದ ಮಣ್ಣಿನ ಚಾವಣಿ. ಹಗಲಿನ ಬಿಸಿ ಒಳಗೆ ಬರುವಷ್ಟರಲ್ಲಿ ಅದರ ಕಸುವೇ ಇಂಗಿಹೋಗಿರುತ್ತದೆ. ಬ್ಲಾಕ್ ಗೋಡೆ, ಆರ್‌ಸಿಸಿ ಚಾವಣಿ ಬಂದು ಮನೆ ಬೇಗ ಏಳತೊಡಗಿತು, ಸೋರುವುದು ನಿಂತಿತು, ತಂಪು ಹೋಯಿತು. ವಾಸದ ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೊ ನಿವಾಸ್ ಸಂಹಿತಾ ಎಂಬ ನಿಯಮಾವಳಿ ಗೋಡೆ–ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್ ಎಂಬ ಮಿತಿ ಹಾಕಿದೆ. ಹಳ್ಳಿಯಲ್ಲಿ ಮನೆ ಕಟ್ಟುವ ಮೇಸ್ತ್ರಿಯ ಕಿವಿಗೆ ಅದು ಬೀಳುವುದು ಅಪರೂಪ.

ಪರದೆಗೆ ಬರುವ ಮೊದಲು ಒಂದು ಎಚ್ಚರಿಕೆ. ಬೇಸಿಗೆಯ ನಡುಹಗಲಿನಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದು ಚಾವಣಿಯ ಮೇಲೆ. ಚದರ ಮೀಟರಿಗೆ ಸುಮಾರು ಒಂದು ಕಿಲೊವಾಟ್. ಶೀಟಿನ ಮನೆಯಲ್ಲಿ ಗೋಡೆಗಷ್ಟೇ ಪರದೆ ಕಟ್ಟಿ ಚಾವಣಿಯನ್ನು ಹಾಗೇ ಬಿಟ್ಟರೆ ಒಲೆಯ ಮೇಲೆ ಕುಳಿತು ಬೀಸಣಿಗೆ ಬೀಸಿಕೊಂಡಂತೆ. ಮೊದಲು ಚಾವಣಿಗೆ ಸುಣ್ಣ ಅಥವಾ ನೆರಳು, ಆಮೇಲೆ ಪಡುವಣ ಗೋಡೆ, ಹಣ ಉಳಿದರೆ ಮೂಡಣ ಗೋಡೆ. ಕ್ರಮ ಇದೇ ಆಗಬೇಕು.

ಶೇಡ್ ನೆಟ್ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನಿನ ಎಳೆಗಳಿಂದ ಹೆಣೆದ ಬಲೆ. ಅಂಗಡಿಯಲ್ಲಿ ಅದನ್ನು ಶೇಕಡಾ ಲೆಕ್ಕದಲ್ಲಿ ಕೇಳುತ್ತಾರೆ: 35, 50, 75, 90. ಬೆಳಕಿನಲ್ಲಿ ಎಷ್ಟು ಪಾಲನ್ನು ಅದು ತಡೆಯುತ್ತದೆ ಎಂಬ ಅಳತೆ ಅದು. ಗೋಡೆಗೆ 75ರ ಬಲೆ ಹದವಾದದ್ದು. ಆದರೆ ಶೇ 75 ಬೆಳಕು ತಡೆದರೆ ಶೇ 75 ಶಾಖ ತಪ್ಪಿತು ಎಂದಲ್ಲ. ತಡೆದ ಬಿಸಿಲಿನಿಂದ ಬಲೆಯೇ ಕಾಯುತ್ತದೆ, ಕಾದ ಬಲೆ ಒಂದಿಷ್ಟು ಶಾಖವನ್ನು ಗೋಡೆಯತ್ತ ಸೂಸುತ್ತದೆ. ಬಿಳಿ ಬಲೆ ಬೆಳಕನ್ನು ಹಿಂದಕ್ಕೆ ಚದುರಿಸುವುದರಿಂದ ಕಡಿಮೆ ಕಾಯುತ್ತದೆ. ಕಪ್ಪು ಹೆಚ್ಚು ಕಾಯುತ್ತದೆ, ಆದರೆ ಅದರೊಳಗಿನ ಇಂಗಾಲದ ಪುಡಿ ಬಿಸಿಲಿನ ಪೆಟ್ಟಿನಿಂದ ಎಳೆಗಳನ್ನು ಕಾಯುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಎಲ್ಲೆಡೆ ಕಾಣುವ ಹಸಿರು ಇವೆರಡರ ನಡುವಿನದು. ಗೋಡೆಯನ್ನು ತಂಪಾಗಿಡುವುದೊಂದೇ ಉದ್ದೇಶವಾದರೆ ಬಿಳಿಯೇ ಒಳ್ಳೆಯದು. ಹಸಿರು ಬಣ್ಣಕ್ಕೆ ತಂಪಿನ ಗುಣವಿದೆ ಎಂಬುದು ಕಣ್ಣಿನ ಭ್ರಮೆ.

ಬಣ್ಣಕ್ಕಿಂತ ಮುಖ್ಯವಾದದ್ದು ಅಂತರ. ಬಲೆಯನ್ನು ಗೋಡೆಗೆ ಅಂಟಿಸಿದಂತೆ ಕಟ್ಟಿದರೆ ಕಾದ ಎಳೆಗಳು ಗೋಡೆಗೇ ಶಾಖ ಕೊಡುತ್ತವೆ, ಮಾಡಿದ ಕೆಲಸ ಅರ್ಧ ವ್ಯರ್ಥ. ಒಂದು ಗೇಣಿನಿಂದ ಒಂದು ಅಡಿಯವರೆಗೆ ಜಾಗ ಬಿಟ್ಟು, ಮೇಲೂ ಕೆಳಗೂ ತೆರೆದಿಟ್ಟರೆ ನಡುವಿನ ಗಾಳಿ ಬಿಸಿಯಾಗಿ ಮೇಲಕ್ಕೇರಿ ಹೋಗುತ್ತದೆ. ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಹೊಗೆಗೂಡಿನಲ್ಲಿ ಹೊಗೆ ಏರುವುದು ಇದೇ ಸೂತ್ರದಿಂದ. ಬಲೆ ಹಿಡಿದ ಶಾಖವನ್ನು ಗಾಳಿ ಬಿಟ್ಟಿಯಾಗಿ ಹೊತ್ತೊಯ್ಯುತ್ತದೆ. ಆದ್ದರಿಂದ ಸೂರಿನ ಕೆಳಗೆ ಬಲೆಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯುವ ರೂಢಿ ಬಿಡಬೇಕು. ಸಜ್ಜೆಯ ಅಂಚಿನಿಂದ ಅಥವಾ ಮುಂದಕ್ಕೆ ಚಾಚಿದ ಕಬ್ಬಿಣದ ಆಂಗಲ್‌ನಿಂದ ಬಲೆಯನ್ನು ಇಳಿಬಿಟ್ಟು, ಕೆಳಗೆ ನೆಲದಿಂದ ಒಂದಡಿ ಮೇಲೆ ಗಳವೊಂದಕ್ಕೆ ಸುತ್ತಿ ಕಟ್ಟುವುದು ಸರಿಯಾದ ವಿಧಾನ. ಗಳಕ್ಕೆ ಸುತ್ತಿದ್ದರೆ ಬೇಕೆಂದಾಗ ಚಾಪೆಯಂತೆ ಮೇಲಕ್ಕೆ ಸುರುಳಿ ಮಾಡಬಹುದು. ಕಿಟಕಿಯ ಮುಂದೆ ಬಲೆ ಬಂದರೆ ಗಾಳಿ ಕುಗ್ಗುತ್ತದೆ. ಅಲ್ಲಿ ಅದನ್ನು ಚಪ್ಪರದಂತೆ ಓರೆಯಾಗಿ ಮುಂದಕ್ಕೆ ಎಳೆದು ಕಟ್ಟಬೇಕು.

ಗಾಳಿಯ ವಿಷಯದಲ್ಲಿ ಈ ಜಿಲ್ಲೆ ಸೌಮ್ಯವಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ತಿರುಗುವುದು ಯಾವ ಗಾಳಿಗೋ ಅದೇ ಆಷಾಢದ ಗಾಳಿ ಪಡುವಣ ಗೋಡೆಗೂ ಬಡಿಯುತ್ತದೆ. ಬಲೆಯ ಕಣ್ಣುಗಳಿಂದ ಸ್ವಲ್ಪ ಗಾಳಿ ನುಸುಳಿದರೂ 200 ಚದರ ಅಡಿಯ ಪರದೆ ಹಾಯಿಯಂತೆ ಉಬ್ಬಿ ಆಂಗಲ್ಲನ್ನೇ ಕಿತ್ತೀತು. ಅಂಚನ್ನು ಎರಡು ಮಡಿಕೆ ಮಡಿಸಿ ಹೊಲಿಸಿ, ಎರಡಡಿಗೊಂದು ಕಣ್ಣು ಕೂರಿಸಿ, ಜಿ.ಐ. ತಂತಿಗೆ ಕಟ್ಟುವುದು ಅಗತ್ಯ. ಬಲೆಯ ಮೈಗೇ ತಂತಿ ಚುಚ್ಚಿ ಕಟ್ಟಿದ್ದು ಒಂದೇ ಗಾಳಿಗೆ ಸೀಳುತ್ತದೆ.

ಪರದೆಯ ಉಪಯೋಗ ನಿಜವಾಗಿ ಒರೆಗೆ ಹತ್ತುವುದು ರೇಷ್ಮೆ ಬೆಳೆಗಾರರ ಹುಳು ಮನೆಯಲ್ಲಿ. ಮೊಳಕಾಲ್ಮುರು ಎಂದರೆ ಜನರಿಗೆ ನೆನಪಾಗುವುದು ಅಲ್ಲಿನ ರೇಷ್ಮೆ ಸೀರೆ. ಅಲ್ಲಿನ ನೇಕಾರರು ಹಿಂದಿನಿಂದಲೂ ನೆಲಕ್ಕೆ ಕುಣಿ ತೋಡಿ ಮಗ್ಗ ಹೂಡಿದ್ದಕ್ಕೂ ಹವೆಗೂ ನಂಟಿದೆ. ಒಣಗಾಳಿಗೆ ಎಳೆ ಹರಿಯುತ್ತದೆ, ಕುಣಿಯ ತಂಪು ಅದನ್ನು ಉಳಿಸುತ್ತದೆ. ಸೀರೆಗೆ ಮೊದಲು ಗೂಡು, ಗೂಡಿಗೆ ಮೊದಲು ಹುಳು. ಆ ಹುಳು ಹವೆಗೆ ಬಹಳ ನಾಜೂಕು. ಚಾಕಿ ಎಂದು ಕರೆಯುವ ಎಳೆಯ ಹುಳುವಿಗೆ ಮೊದಲ ಹಂತದಲ್ಲಿ 28 ಡಿಗ್ರಿ ಬೇಕು, ಹಂತಕ್ಕೊಂದು ಡಿಗ್ರಿಯಂತೆ ಇಳಿದು ಐದನೇ ಹಂತಕ್ಕೆ 24 ಡಿಗ್ರಿ ಸಾಕು. ಗಾಳಿಯ ತೇವ ಚಾಕಿಗೆ ಶೇ 85ರ ಸುಮಾರು, ಕೊನೆಗೆ ಶೇ 70. ಹೊರಗೆ 38 ಡಿಗ್ರಿ ಬಿಸಿಲಿರುವ ಏಪ್ರಿಲ್‌ನಲ್ಲಿ ಒಳಗೆ 24 ಡಿಗ್ರಿ ತರುವುದು ಹೇಗೆ? ಡಿಸೆಂಬರ್‌ನ ನಸುಕಿನ ಚಳಿಯಲ್ಲಿ 28 ಡಿಗ್ರಿ ಉಳಿಸಿಕೊಳ್ಳುವುದು ಹೇಗೆ? ತಂಪು, ಬಿಸಿ ಎರಡನ್ನೂ ಒಂದೇ ಕಟ್ಟಡದಿಂದ ಕೇಳುವವನು ರೇಷ್ಮೆ ಬೆಳೆಗಾರ.

ಸೆಕೆ ಏರಿದರೆ ಹುಳು ಸೊಪ್ಪು ಬಿಡುತ್ತದೆ, ಮೈ ಸಡಿಲವಾಗಿ ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ. ಇದಕ್ಕೆ ರೈತರ ಹಳೆಯ ಉಪಾಯ ಒದ್ದೆ ಗೋಣಿಚೀಲ. ಕಿಟಕಿ–ಬಾಗಿಲಿಗೆ ಗೋಣಿ ಇಳಿಬಿಟ್ಟು ಆಗಾಗ ನೀರು ಚಿಮುಕಿಸುತ್ತಾರೆ. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮ. ಒಣಹವೆಯ ಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. 38 ಡಿಗ್ರಿ ಬಿಸಿ, ಶೇ 30 ತೇವ ಇರುವ ಮಧ್ಯಾಹ್ನ ಒದ್ದೆ ಬಟ್ಟೆ 24 ಡಿಗ್ರಿಯವರೆಗೂ ತಣ್ಣಗಾಗಬಲ್ಲದು. ಹುಳುವಿಗೆ ಬೇಕಾದ ತೇವವೂ ಜೊತೆಗೇ ಸಿಗುತ್ತದೆ. ಕೊರತೆ ನೀರಿನದು. ಬೋರ್‌ವೆಲ್ ಬತ್ತುವ ತಿಂಗಳಲ್ಲೇ ಗೋಣಿಗೂ ಹಿಪ್ಪುನೇರಳೆಗೂ ನೀರು ಬೇಕು.

ಇಲ್ಲಿ ಪರದೆ ಗೋಣಿಯ ಹೊರೆಯನ್ನು ಇಳಿಸುತ್ತದೆ. ಬರಿ ಪರದೆಯಿಂದ ಒಳಗಿನ ಬಿಸಿ ಹೊರಗಾಳಿಯ ಬಿಸಿಗಿಂತ ಬಹಳ ಕೆಳಗೆ ಬರದು. ಗೋಡೆ–ಚಾವಣಿ ಕಾದು ಅದಕ್ಕಿಂತ ಮೇಲೇರುವುದನ್ನು ಅದು ತಪ್ಪಿಸುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ಸಣ್ಣದಲ್ಲ. ಗೋಡೆಯಿಂದ ಬರುವ ಶಾಖ ತಪ್ಪಿದರೆ ಗೋಣಿಯ ನೀರು ಗಾಳಿಯೊಂದನ್ನೇ ತಣಿಸಿದರೆ ಸಾಕು. ಚಾವಣಿಯ ಮೇಲೆ ಕಂಬ ನೆಟ್ಟು ಬಲೆ ಹರಡಿ, ಪಡುವಣ–ಮೂಡಣಗಳಲ್ಲಿ ಅದನ್ನೇ ಇಳಿಬಿಟ್ಟ ಹುಳು ಮನೆ, ಕಟ್ಟಡಕ್ಕೆ ಸುತ್ತ ಜಗುಲಿ ಕಟ್ಟಿಸಿದಷ್ಟೇ ಫಲ ಕೊಡುತ್ತದೆ. ಶೇಡ್ ನೆಟ್ಟನ್ನೂ ಊಜಿ ನೊಣದ ಬಲೆಯನ್ನೂ ಒಂದೇ ಎಂದುಕೊಳ್ಳಬಾರದು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ, 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಆ ನೊಣವನ್ನು ತಡೆಯಲು ಕಿಟಕಿಗಳಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಬೇರೆಯೇ ಇರಬೇಕು. ಮಳೆಗಾಲದಲ್ಲಿ ಒದ್ದೆ ಗೋಣಿ, ದಟ್ಟ ಪರದೆ ಎರಡನ್ನೂ ತೆಗೆಯಬೇಕು. ಗಾಳಿಯಾಡದ ತೇವದಲ್ಲಿ ಸುಣ್ಣಕಟ್ಟು ರೋಗದ ಶಿಲೀಂಧ್ರ ಹಬ್ಬುತ್ತದೆ.

ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗು. ಮೇಲೆ ಹೇಳಿದ ಗೋಡೆಯ ತಡವೇ ಈಗ ನೆಂಟನಾಗುತ್ತದೆ. ಮಧ್ಯಾಹ್ನ ತಾಗಿದ ಬಿಸಿಲನ್ನು ದಕ್ಷಿಣದ ಒಂಬತ್ತು ಇಂಚಿನ ಗೋಡೆ ರಾತ್ರಿಗೆ ಒಳಗೆ ಬಿಡುತ್ತದೆ. ಪಡುವಣ ಗೋಡೆಯ ಬಿಸಿ ನಡುರಾತ್ರಿಗೆ ಬರುತ್ತದೆ. ಆದ್ದರಿಂದ ಡಿಸೆಂಬರ್, ಜನವರಿಯಲ್ಲಿ ಗೋಡೆಗಳ ಮೇಲೆ ಪರದೆ ಇರಬಾರದು. ಬೇಸಿಗೆಯಲ್ಲಿ ಕಟ್ಟಿದ್ದನ್ನು ವರ್ಷವಿಡೀ ಬಿಟ್ಟವರು ಚಳಿಯಲ್ಲಿ ಬಿಟ್ಟಿ ಸಿಗುವ ಶಾಖವನ್ನು ಹೊರಗೇ ನಿಲ್ಲಿಸಿದಂತಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಟ್ಟೆಯಿಂದಲೇ ಗಾಳಿ ಕಾಯಿಸಬಹುದು. ದಕ್ಷಿಣದ ಗೋಡೆಗೆ ನಾಲ್ಕಾರು ಇಂಚು ಅಂತರದಲ್ಲಿ ದಟ್ಟವಾದ ಕಪ್ಪು ಬಲೆಯನ್ನು ಬಿಗಿದು, ಈ ಸಲ ನಾಲ್ಕೂ ಅಂಚುಗಳನ್ನು ಮುಚ್ಚಬೇಕು. ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ, ಕಿಂಡಿಗೆ ಸಣ್ಣ ಫ್ಯಾನ್. ಫ್ಯಾನ್ ಎಳೆದಾಗ ಹೊರಗಾಳಿ ಕಾದ ಎಳೆಗಳ ನಡುವೆ ನುಸುಳಿ, ಅವುಗಳ ಬಿಸಿಯನ್ನು ಬಾಚಿಕೊಂಡು ಕೋಣೆಗೆ ಬರುತ್ತದೆ. ತೂತು ಕೊರೆದ ಕಪ್ಪು ತಗಡಿನಿಂದ ಇದೇ ಕೆಲಸ ಮಾಡಿಸುವ ಸೋಲಾರ್‌ವಾಲ್ ಎಂಬ ವ್ಯವಸ್ಥೆ ಕೆನಡಾದಲ್ಲಿ ರೂಪುಗೊಂಡಿತು. ಬಟ್ಟೆಯದು ಅದರ ಬಡ ತಮ್ಮ. ಡಿಸೆಂಬರ್ ನಡುಹಗಲಿನಲ್ಲಿ ದಕ್ಷಿಣದ ಗೋಡೆಯ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು 500 ವಾಟ್. ನೂರು ಚದರ ಅಡಿಯ ಬಟ್ಟೆ ಅದರಲ್ಲಿ ಮೂರನೇ ಒಂದು ಪಾಲನ್ನು ಹಿಡಿದರೂ ಒಂದೂವರೆ ಕಿಲೊವಾಟ್‌ನ ಹೀಟರ್ ಹಚ್ಚಿದಂತಾಯಿತು. 20 ಅಡಿ ಅಗಲ, 30 ಅಡಿ ಉದ್ದ, 10 ಅಡಿ ಎತ್ತರದ ಹುಳು ಮನೆಯ ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಅರ್ಧ ಯೂನಿಟ್‌ಗೆ ತುಸು ಹೆಚ್ಚು. ಗೋಡೆ, ನೆಲ, ಸಂದುಗಳು ನುಂಗುವುದು ಅದಕ್ಕಿಂತ ಬಹಳ ಹೆಚ್ಚು, ಅದು ಬೇರೆ ಮಾತು.

ಇದರಲ್ಲಿ ತೊಡಕುಗಳೂ ಇವೆ. ಬಿಸಿಲಿರುವುದು ಹಗಲು, ಚಳಿಯಿರುವುದು ರಾತ್ರಿ. ಕತ್ತಲಾದೊಡನೆ ಕಿಂಡಿ ಮುಚ್ಚದಿದ್ದರೆ ಒಳಗಿನ ಬಿಸಿ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಗಾಳಿ ಕಾದಷ್ಟೂ ಒಣಗುವುದರಿಂದ ಚಾಕಿ ಕೋಣೆಯಲ್ಲಿ ನೀರಿನ ತಟ್ಟೆ ಇಡಬೇಕು, ಕಿಂಡಿಗೂ ಊಜಿ ಜಾಲರಿ ಹಾಕಬೇಕು. ಆದರೂ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಹೊತ್ತಿಸಿ ಹುಳುವಿಗೂ ಮನುಷ್ಯರಿಗೂ ವಿಷಗಾಳಿ ಕುಡಿಸುವುದಕ್ಕಿಂತ ಇದು ಎಷ್ಟೋ ಮೇಲು. ವಾಸದ ಮನೆಗೆ ಮಾತ್ರ ಈ ಸೀಮೆಯಲ್ಲಿ ಇಂಥ ಯಂತ್ರ ಬೇಕಿಲ್ಲ. ಡಿಸೆಂಬರ್‌ನಲ್ಲೂ ಇಲ್ಲಿ ಹಗಲು ಬೆಚ್ಚಗೇ ಇರುತ್ತದೆ, ರಾತ್ರಿಗೆ ಕಂಬಳಿ ಇದೆ. ಚಳ್ಳಕೆರೆಯ ಕಂಬಳಿ ನಾಡಿಗೇ ಹೆಸರಾದದ್ದು.

ಚಳಿಯೇ ಮುಖ್ಯ ಶತ್ರುವಾದ ನಾಡುಗಳಲ್ಲಿ ಗೋಡೆಯಿಂದ ಇನ್ನೂ ಹೆಚ್ಚು ದುಡಿಸುತ್ತಾರೆ. ಕಪ್ಪು ಗೋಡೆಯ ಮುಂದೆ ಗಾಜು ನಿಲ್ಲಿಸಿ ನಡುವಿನ ಗಾಳಿಯನ್ನು ಕಾಯಿಸುವ ಉಪಾಯಕ್ಕೆ ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಫ್ರಾನ್ಸ್‌ನ ಫೆಲಿಕ್ಸ್ ಟ್ರೋಂಬ್ 1967ರಲ್ಲಿ ಅಂಥ ಮನೆಯನ್ನು ಕಟ್ಟಿಸಿದ ಮೇಲೆ ಅದು ಟ್ರೋಂಬ್ ಗೋಡೆ ಎಂದು ಹೆಸರಾಯಿತು. ಲೇಹ್ ಸಮೀಪದ ಫೇ ಹಳ್ಳಿಯಲ್ಲಿರುವ ಸೆಕ್ಮೋಲ್ ಸಂಸ್ಥೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತದೆ. ಚಳಿಗಾಲ ಬಂದಾಗ ದಕ್ಷಿಣದ ಗೋಡೆಗೆ ತಾಗಿಸಿ ಅದನ್ನು ಇಳಿಬಿಡುತ್ತಾರೆ, ಬೇಸಿಗೆ ಬಂದಾಗ ಸುತ್ತಿಡುತ್ತಾರೆ. ಸಿದ್ದಾಪುರದಲ್ಲಿ ಬೇಸಿಗೆಗೆ ಕಟ್ಟಿ ಚಳಿಗೆ ಬಿಚ್ಚಬೇಕು, ಲಡಾಖಿನಲ್ಲಿ ಚಳಿಗೆ ಕಟ್ಟಿ ಬೇಸಿಗೆಗೆ ಬಿಚ್ಚುತ್ತಾರೆ.

ಪ್ಲಾಸ್ಟಿಕ್ ಬಲೆ ಶಾಶ್ವತವಲ್ಲ. ಬಿಸಿಲಿಗೆ ಜೀರ್ಣವಾದ ಮೇಲೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಆ ಚೂರುಗಳು ಹೊಲಕ್ಕೂ ದನದ ಹೊಟ್ಟೆಗೂ ಸೇರುತ್ತವೆ. ಅದು ಪುಡಿಯಾಗುವ ಮೊದಲೇ ಇಳಿಸಿ ಗುಜರಿಗೆ ಹಾಕಬೇಕು. ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅಡುಗೆ ಒಲೆಯ, ಬಚ್ಚಲ ಒಲೆಯ ಗೋಡೆಗೆ ಕಟ್ಟಲೇಬಾರದು. ಉಳಿದ ಗೋಡೆಗಳಿಗೆ ಪ್ಲಾಸ್ಟಿಕ್ ಬದಲು ತೆಂಗಿನ ಗರಿಯ ತಡಿಕೆಯೂ ಆಗುತ್ತದೆ. ಸ್ವಲ್ಪ ನೀರಿದ್ದರೆ ಹೀರೆ, ತೊಂಡೆಯ ಬಳ್ಳಿ ಹಬ್ಬಿಸುವುದು ಇನ್ನೂ ಜಾಣತನ. ಎಲೆ ತನ್ನೊಳಗಿನ ನೀರನ್ನು ಆವಿ ಮಾಡಿ ತಾನು ತಣ್ಣಗಿರುತ್ತದೆ, ಕಾದ ಬಲೆಯಂತೆ ಗೋಡೆಗೆ ಶಾಖ ಸೂಸುವುದಿಲ್ಲ.

ಎಲ್ಲಕ್ಕಿಂತ ಮೇಲು ಮರ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ಮರದ ಮಾತಿಲ್ಲ. ಆದರೆ ಅದೇ ಅಶೋಕ ಈಗ ದೆಹಲಿಯಲ್ಲಿರುವ ಟೋಪ್ರಾ ಸ್ತಂಭದ ಶಾಸನದಲ್ಲಿ, ದನಕರುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಪಡುವಣ ಗೋಡೆಯಿಂದ ಹದಿನೈದು ಅಡಿ ಆಚೆ ನೆಟ್ಟ ಹೊಂಗೆಯೋ ಬೇವೋ ಗೋಡೆಯೆತ್ತರಕ್ಕೆ ಬೆಳೆಯಲು ಕೆಲವು ವರ್ಷ ಬೇಕು. ಪರದೆ ಅಲ್ಲಿಯವರೆಗಿನ ನೆರಳು.

ಪರದೆ ಕಟ್ಟಿದ್ದು ಸಾರ್ಥಕವಾಯಿತೇ ಎಂದು ನೋಡಲು ದೊಡ್ಡ ಉಪಕರಣ ಬೇಡ. ಹುಳು ಮನೆಯಲ್ಲಿ ಒಣ–ಒದ್ದೆ ಉಷ್ಣಮಾಪಕ ಹೇಗೂ ತೂಗುಹಾಕಿರುತ್ತದೆ. ವಾಸದ ಮನೆಯಲ್ಲಾದರೆ ಪಡುವಣ ಗೋಡೆಯ ಅರ್ಧಕ್ಕೆ ಮಾತ್ರ ಬಲೆ ಕಟ್ಟಿ, ರಾತ್ರಿ ಒಂಬತ್ತಕ್ಕೆ ಒಳಗಿನಿಂದ ಎರಡೂ ಅರ್ಧಗಳ ಮೇಲೆ ಅಂಗೈ ಇಟ್ಟು ನೋಡಿದರೆ ತಿಳಿಯುತ್ತದೆ. ಉಳಿದರ್ಧಕ್ಕೂ ಬಲೆ ತರಬೇಕೆನಿಸಿದರೆ ಶಿವರಾತ್ರಿಗೆ ಕಟ್ಟಿ, ಆಷಾಢದ ಗಾಳಿ ಏಳುವ ಮುನ್ನ ಕಾರಹುಣ್ಣಿಮೆಗೆ ಬಿಚ್ಚಿ, ಮಡಿಸಿ, ಬಿಸಿಲು ತಾಗದ ಅಟ್ಟದ ಮೇಲೆ ಇಡಿ. ವರ್ಷಕ್ಕೆ ಮೂರೂವರೆ ತಿಂಗಳು ಮಾತ್ರ ದುಡಿಯುವ ಬಲೆ ಹೆಚ್ಚು ವರ್ಷ ಬರುತ್ತದೆ.